ತಾಮ್ರದ ಮನೆ ಯಾಕೆ ನೀಲಿ?

“ಸರ್, ತಾಮ್ರ ನೀಲಿ ಇರುತ್ತಾ?” ಗೋಡೆಯ ಮೇಲಿನ ಆವರ್ತ ಕೋಷ್ಟಕ ನೋಡುತ್ತಾ ಹತ್ತನೇ ತರಗತಿಯ ಹುಡುಗಿ ಕೇಳಿದಳು. ನನಗೆ ನಗು ಬಂತು. ಆಮೇಲೆ ಚಾರ್ಟ್ ಕಡೆ ತಿರುಗಿದೆ. ತಾಮ್ರದ ಮನೆಗೆ, ಅಂದರೆ ಅದರ ಚೌಕಕ್ಕೆ, ನೀಲಿ; ಕ್ಲೋರಿನ್ ಮನೆಗೆ ಹಳದಿ ಹಸಿರು. ಕ್ಲೋರಿನ್ ಅನಿಲದ ಬಣ್ಣ ನಿಜಕ್ಕೂ ಅದೇ. ಲ್ಯಾಬಿನಲ್ಲಿ ಅವಳು ನೋಡಿದ ತಾಮ್ರದ ಸಲ್ಫೇಟ್ ದ್ರಾವಣವೂ ನೀಲಿಯೇ. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಯಾವ ಬಣ್ಣಕ್ಕೆ ಏನರ್ಥ ಎಂದು ಚಾರ್ಟ್‌ನಲ್ಲಿ ಎಲ್ಲೂ ಬರೆದಿರಲಿಲ್ಲ.

ಈ ಬಣ್ಣಗಳಿಗೆ ಇಡೀ ಜಗತ್ತು ಒಪ್ಪಿದ ನಿಯಮವೇನಿಲ್ಲ. ಒಂದು ಚಾರ್ಟ್‌ನಲ್ಲಿ ಕ್ಷಾರ ಲೋಹಗಳು (ಲಿಥಿಯಂ, ಸೋಡಿಯಂನಂಥವು) ಕೆಂಪು, ಇನ್ನೊಂದರಲ್ಲಿ ಹಳದಿ. ಇರಲಿ, ಅದು ತೊಂದರೆಯಲ್ಲ. ಒಂದೇ ಬಣ್ಣದ ಕೈಲಿ ಎರಡು ಕೆಲಸ ಮಾಡಿಸುವುದು ತೊಂದರೆ. ಲೋಹಕ್ಕೆ ಗುಲಾಬಿ, ದ್ರವಕ್ಕೆ ನೀಲಿ ಎಂದು ಶುರು ಮಾಡುತ್ತಾರೆ. ಪಾದರಸ ಬಂದಾಗ ಕೈ ನಿಲ್ಲುತ್ತದೆ. ಅದು ಲೋಹವೂ ಹೌದು, ದ್ರವವೂ ಹೌದು.

ನಮ್ಮ ಮಕ್ಕಳಿಗೆ ನಾನು ಹೇಳುವುದಿಷ್ಟು. ಮನೆಗೆ ಹಚ್ಚುವ ಬಣ್ಣ ಲೋಹವೋ, ಅಲೋಹವೋ, ಲೋಹಾಭವೋ (ಎರಡರ ಗುಣವೂ ಇರುವುದು) ಅಂತ ಮಾತ್ರ ಹೇಳಲಿ. ಘನವೋ ದ್ರವವೋ ಅನಿಲವೋ ಅನ್ನುವುದನ್ನು ಸಂಕೇತದ ಅಕ್ಷರದ ಬಣ್ಣ ಹೇಳಲಿ. ಆಗ ಪಾದರಸಕ್ಕೆ ಲೋಹದ ಮನೆ, ಬ್ರೋಮಿನ್‌ಗೆ ಅಲೋಹದ ಮನೆ, ಎರಡಕ್ಕೂ ನೀಲಿ ಅಕ್ಷರ. ಪಕ್ಕದಲ್ಲಿ ‘25 ಡಿಗ್ರಿ ಸೆಲ್ಸಿಯಸ್‌ನಲ್ಲಿ’ ಎಂದು ಬರೆಯಲೇಬೇಕು. ಸುಮ್ನೆ ‘ಕೋಣೆಯ ಉಷ್ಣತೆ’ ಅಂದರೆ ಸಾಲದು. ಗ್ಯಾಲಿಯಂ ಸುಮಾರು 29.8 ಡಿಗ್ರಿಗೇ ಕರಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಯಾವ ಕೋಣೆಯಲ್ಲಿ ಅದು ಗಟ್ಟಿಯಾಗಿ ಕೂತೀತು?

ಕೆಂಪು, ಹಸಿರು ಅಕ್ಕಪಕ್ಕ ಬೇಡ. ಆ ಎರಡರ ನಡುವಿನ ವ್ಯತ್ಯಾಸ ಕಾಣದ ಮಕ್ಕಳೂ ಇರುತ್ತಾರೆ. ಬಣ್ಣದ ಜೊತೆ ಓರೆಗೆರೆ, ಚುಕ್ಕೆ ಹಾಕಿದರೆ ಜೆರಾಕ್ಸ್‌ನಲ್ಲೂ ಗುರುತು ಸಿಗುತ್ತದೆ.

ಅಕ್ಷರ, ಅಂಕಿಗಳಲ್ಲಿ ಜಾಸ್ತಿ ಎಡವುವುದು ಕೋಬಾಲ್ಟ್ ಹತ್ತಿರ. ಅದರ ಸಂಕೇತದಲ್ಲಿ ‘ಸಿ’ ದೊಡ್ಡಕ್ಷರ, ‘ಒ’ ಸಣ್ಣಕ್ಷರ. ಚೆಂದ ಕಾಣಲಿ ಎಂದು ಎರಡನ್ನೂ ದೊಡ್ಡದಾಗಿ ಬರೆದರೆ ಅದು ಕಾರ್ಬನ್ ಮಾನಾಕ್ಸೈಡ್ ಆಗಿಬಿಡುತ್ತದೆ! ಇನ್ನು ಕೋಬಾಲ್ಟ್‌ನ ಪರಮಾಣು ರಾಶಿ 58.93, ಅದರ ಮುಂದಿನ ಮನೆಯ ನಿಕಲ್‌ನದು 58.69. ಮುಂದೆ ಹೋದರೂ ಅಂಕಿ ಇಳಿಯಿತಲ್ಲ ಎಂದು ಮಕ್ಕಳು ಕೇಳುತ್ತಾರೆ. ಕೋಷ್ಟಕದ ಸಾಲು ನಡೆಯುವುದು ರಾಶಿಯ ಮೇಲಲ್ಲ, 27, 28 ಎಂಬ ಪರಮಾಣು ಸಂಖ್ಯೆಯ ಮೇಲೆ, ಅಂದರೆ ಪರಮಾಣುವಿನಲ್ಲಿರುವ ಪ್ರೋಟಾನ್‌ಗಳ ಎಣಿಕೆಯ ಮೇಲೆ. ಹಾಗಾಗಿ ಸಂಖ್ಯೆ ಮೇಲೆ ದಪ್ಪಗೆ, ರಾಶಿ ಕೆಳಗೆ ಸಣ್ಣದಾಗಿ ಇರಲಿ. ಒಂದು ಮಾದರಿ ಮನೆಯನ್ನು ದೊಡ್ಡದಾಗಿ ಬರೆದು, ಯಾವ ಅಂಕಿ ಏನು ಎಂದು ಬಾಣ ಹಾಕಿ ತೋರಿಸಿ.

ಹೈಡ್ರೋಜನ್ ಲಿಥಿಯಂನ ನೆತ್ತಿಯ ಮೇಲೆ ಕೂತಿದೆ. ಆದರೂ ಲೋಹದ ಬಣ್ಣ ಅದಕ್ಕೆ ಬೇಡ, ಅದು ಅಲೋಹ. ನಮ್ಮ ಹೊಸ ಚಾರ್ಟ್‌ನಲ್ಲಿ ಅದರ ಮನೆಗೆ ಅಲೋಹದ ಹಳದಿ ಬಳಿದವಳು ಅದೇ ಹುಡುಗಿ. ತಾಮ್ರಕ್ಕೆ ಮಾತ್ರ ಕಂದು ಸ್ಕೆಚ್ ಪೆನ್ ಎತ್ತಿಕೊಂಡಿದ್ದಳು. ಲೋಹದ ಮನೆಗೆಲ್ಲ ಒಂದೇ ಬಣ್ಣ ಅಂತ ನಾನೇ ತಡೆದೆ.