ಒಬ್ಬ ಶಾಸಕ, 131 ಮತ: ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಲೆಕ್ಕ

2012ರ ಜುಲೈ 22ರಂದು ರಾಷ್ಟ್ರಪತಿ ಚುನಾವಣೆಯ ಮತ ಎಣಿಕೆ ಮುಗಿದಾಗ ಕರ್ನಾಟಕದ ಅಂಕಿ ಬಿಜೆಪಿಗೆ ನುಂಗಲಾರದ ತುತ್ತಾಯಿತು. ಪ್ರಣಬ್ ಮುಖರ್ಜಿಗೆ 117 ಶಾಸಕರು, ಬಿಜೆಪಿ ಬೆಂಬಲಿಸಿದ್ದ ಪಿ.ಎ. ಸಂಗ್ಮಾಗೆ 103. ರಾಜ್ಯದಲ್ಲಿ ಆಗ ಇದ್ದದ್ದು ಬಿಜೆಪಿಯದೇ ಸರ್ಕಾರ. ಸದಾನಂದ ಗೌಡರು ಇಳಿದು ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾಗಿ ಹತ್ತು ದಿನವಾಗಿತ್ತು ಅಷ್ಟೆ. ಮುಖರ್ಜಿ ಪರ ನಿಂತಿದ್ದ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿಸಿದರೂ ಶಾಸಕರ ಸಂಖ್ಯೆ ನೂರರ ಆಸುಪಾಸು. ಪಕ್ಷೇತರರನ್ನು ಕೂಡಿಸಿಕೊಂಡರೂ 117 ಮುಟ್ಟಬೇಕಾದರೆ ಆಡಳಿತ ಪಕ್ಷದ ಒಳಗಿನಿಂದಲೇ ಮತ ಬಂದಿರಬೇಕು.

ಯಾರು ಅಡ್ಡ ಮತ ಹಾಕಿದರು ಎಂಬುದಕ್ಕೆ ದಾಖಲೆಯೇ ಇಲ್ಲ. ರಾಜ್ಯಸಭೆ ಚುನಾವಣೆಯಲ್ಲಿ ಶಾಸಕ ತನ್ನ ಮತಪತ್ರವನ್ನು ಪಕ್ಷದ ಏಜೆಂಟನಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ರಾಷ್ಟ್ರಪತಿ ಚುನಾವಣೆ ಹಾಗಲ್ಲ, ಪೂರ್ತಿ ಗುಪ್ತ. ಪಕ್ಷಗಳು ವಿಪ್ ಕೊಡುವಂತಿಲ್ಲ, ಅಡ್ಡ ಮತ ಹಾಕಿದವನ ಸ್ಥಾನ ಪಕ್ಷಾಂತರ ಕಾಯ್ದೆಯಡಿ ಹೋಗುವುದೂ ಇಲ್ಲ. ಆದರೆ ಎಣಿಕೆ ರಾಜ್ಯವಾರು ನಡೆಯುವುದರಿಂದ ‘ಕರ್ನಾಟಕ ಹೇಗೆ ಮತ ಹಾಕಿತು’ ಎಂಬುದು ಮಾತ್ರ ಬಯಲಾಗುತ್ತದೆ.

ಆ 117 ಶಾಸಕರ ಮತದ ಬೆಲೆ 15,327. ಒಂದೊಂದಕ್ಕೆ 131.

ಈ 131 ಎಲ್ಲಿಂದ ಬಂತು? ಸಂವಿಧಾನದ 55ನೇ ವಿಧಿ ಹೇಳುವ ಲೆಕ್ಕ ಸರಳ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸಾವಿರದಿಂದ ಭಾಗಿಸಬೇಕು. ಶೇಷ 500ಕ್ಕೆ ಕಡಿಮೆ ಇಲ್ಲದಿದ್ದರೆ ಒಂದು ಕೂಡಿಸಬೇಕು. 1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 2,92,99,014. ಶಾಸಕರು 224. ಭಾಗಿಸಿದರೆ 1,30,799. ಸಾವಿರಕ್ಕೆ 130, ಶೇಷ 799, ಹಾಗಾಗಿ 131. ಇಡೀ ವಿಧಾನಸಭೆಯ ಬೆಲೆ 29,344. ಮಧ್ಯಪ್ರದೇಶದ ಶಾಸಕನಿಗೂ ಇದೇ 131 ಇದೆ. ಅಲ್ಲಿ ಶೇಷ ಬಂದದ್ದು 507, ಕೂದಲೆಳೆಯಲ್ಲಿ ಪಾರು.

ಸಂಸದರ ಮತದ ಬೆಲೆ ಇದರ ಮೇಲೆ ನಿಂತಿದೆ. ಎಲ್ಲ ರಾಜ್ಯಗಳ ಶಾಸಕರ ಒಟ್ಟು ಬೆಲೆಯನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸುತ್ತಾರೆ. 2017ರಲ್ಲಿ ಅದು 708. 2022ರಲ್ಲಿ ಜಮ್ಮು–ಕಾಶ್ಮೀರಕ್ಕೆ ವಿಧಾನಸಭೆ ಇರಲಿಲ್ಲವಾದ್ದರಿಂದ 700ಕ್ಕೆ ಇಳಿಯಿತು. ನಮ್ಮ ವಿಧಾನ ಪರಿಷತ್ತಿನ 75 ಮಂದಿಗೆ ಇಲ್ಲಿ ಮತವೇ ಇಲ್ಲ. ವಿಧಾನಸಭೆಗೆ, ರಾಜ್ಯಸಭೆಗೆ ನಾಮಕರಣಗೊಂಡವರಿಗೂ ಇಲ್ಲ.

ಇನ್ನು ಮತಪತ್ರ. ಶಾಸಕರಿಗೆ ಗುಲಾಬಿ, ಸಂಸದರಿಗೆ ಹಸಿರು. ಎರಡು ಅಂಕಣ: ಒಂದರಲ್ಲಿ ಅಭ್ಯರ್ಥಿಯ ಹೆಸರು, ಇನ್ನೊಂದರಲ್ಲಿ ಪ್ರಾಶಸ್ತ್ಯದ ಅಂಕಿ ಬರೆಯಲು ಜಾಗ. 1 ಬರೆಯಲೇಬೇಕು, 2 ಮತ್ತು ಮುಂದಿನವು ಐಚ್ಛಿಕ. ಅಂಕಿ ಯಾವ ಭಾರತೀಯ ಭಾಷೆಯದಾದರೂ ಸರಿ, ಕನ್ನಡದ ‘೧’ ಕೂಡ ಸಿಂಧು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಮಾತ್ರ ಆ ಮತ ಕೆಟ್ಟಂತೆ. ಇಬ್ಬರ ಮುಂದೆ 1 ಬರೆದರೂ, ಒಬ್ಬನ ಮುಂದೆಯೇ 1 ಮತ್ತು 2 ಎರಡನ್ನೂ ಬರೆದರೂ, ಸಹಿಯಂಥ ಗುರುತು ಬಿಟ್ಟರೂ ಅಸಿಂಧು. 2016ರಲ್ಲಿ ಹರಿಯಾಣದ ರಾಜ್ಯಸಭೆ ಚುನಾವಣೆಯಲ್ಲಿ ಬೇರೆ ಪೆನ್ನು ಬಳಸಿದ್ದಕ್ಕೆ ಮತಗಳು ತಿರಸ್ಕೃತವಾಗಿ ರಂಪವಾಯಿತು. ಮರುವರ್ಷದಿಂದ ರಾಷ್ಟ್ರಪತಿ ಚುನಾವಣೆಗೂ ಆಯೋಗವೇ ನೇರಳೆ ಶಾಯಿಯ ಪೆನ್ನು ಕೈಗೆ ಕೊಡುತ್ತದೆ, ಸ್ವಂತ ಪೆನ್ನು ಹೊರಗೇ ಬಿಡಬೇಕು. ಇಷ್ಟಾದರೂ 2022ರಲ್ಲಿ 15 ಸಂಸದರ ಮತ್ತು 38 ಶಾಸಕರ ಮತ ಕೆಟ್ಟವು. ಕಾನೂನು ಬರೆಯುವವರೇ ಒಂದು ಅಂಕಿ ಬರೆಯಲು ತಪ್ಪುತ್ತಾರೆ.

ವಿಧಾನಸೌಧದಲ್ಲಿ ಮತದಾನ ಮುಗಿದ ಮೇಲೆ ಪೆಟ್ಟಿಗೆ ವಿಮಾನದಲ್ಲಿ ದೆಹಲಿಗೆ ಹೋಗುತ್ತದೆ, ಅದೂ ಸರಕಿನ ಜತೆಗಲ್ಲ. 2022ರಲ್ಲಿ ‘ಮಿಸ್ಟರ್ ಬ್ಯಾಲಟ್ ಬಾಕ್ಸ್’ ಹೆಸರಿನಲ್ಲಿ ಬೇರೆಯೇ ಟಿಕೆಟ್ ತೆಗೆದು, ಕಾವಲಿಗೆ ಬಂದ ಅಧಿಕಾರಿಯ ಪಕ್ಕದ ಸೀಟಿನಲ್ಲಿ ಕೂರಿಸಿದ್ದರು.

ಎರಡನೇ ಪ್ರಾಶಸ್ತ್ಯ ಎಣಿಸಿಯೇ ತೀರ್ಮಾನವಾದ ರಾಷ್ಟ್ರಪತಿ ಚುನಾವಣೆ ಎಂದರೆ 1969ರದು. ಅದರ ಜಗಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಜಾಕಿರ್ ಹುಸೇನ್ ಮೇ 3ರಂದು ತೀರಿಕೊಂಡಿದ್ದರು. ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ, ಎಸ್. ನಿಜಲಿಂಗಪ್ಪ ಅಧ್ಯಕ್ಷರಾಗಿದ್ದ ಪಕ್ಷದ ಸಂಸದೀಯ ಮಂಡಳಿ ಇಂದಿರಾ ಗಾಂಧಿಯವರ ಮಾತು ಮೀರಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಮುಂದಿನ ವಾರವೇ ಬ್ಯಾಂಕುಗಳ ರಾಷ್ಟ್ರೀಕರಣ. ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ನಿಜಲಿಂಗಪ್ಪನವರು ಎರಡನೇ ಪ್ರಾಶಸ್ತ್ಯಕ್ಕಾಗಿ ಜನಸಂಘ, ಸ್ವತಂತ್ರ ಪಕ್ಷಗಳ ಬಾಗಿಲು ತಟ್ಟಿದರು. ಅದೇ ನೆಪ ಸಿಕ್ಕಿ ಇಂದಿರಾ ಬಣ ‘ಆತ್ಮಸಾಕ್ಷಿ ಮತ’ದ, ಅಂದರೆ ಪಕ್ಷದ ಅಭ್ಯರ್ಥಿಗೇ ಹಾಕಬೇಕೆಂದಿಲ್ಲ ಎಂಬ ಮಾತೆತ್ತಿತು.

ಮೊದಲ ಎಣಿಕೆಯಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ಜನಸಂಘ ಮತ್ತು ಸ್ವತಂತ್ರ ಪಕ್ಷ ಬೆಂಬಲಿಸಿದ್ದ ಸಿ.ಡಿ. ದೇಶಮುಖ್‌ಗೆ 1,12,769. ಗೆಲ್ಲಲು ಬೇಕಿದ್ದದ್ದು 4,18,169. ಕೆಳಗಿನವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಎರಡನೇ ಪ್ರಾಶಸ್ತ್ಯ ಹಂಚುತ್ತ ಹೋದಾಗ ನಿಜಲಿಂಗಪ್ಪನವರ ಲೆಕ್ಕ ಬಹುಪಾಲು ನಿಜವಾಯಿತು: ರೆಡ್ಡಿಗೆ ಹೊಸದಾಗಿ 91,879 ಕೂಡಿದರೆ ಗಿರಿಗೆ ಕೂಡಿದ್ದು 18,562. ಆದರೂ ಗಿರಿ 4,20,077ಕ್ಕೆ ಮುಟ್ಟಿ ಗೆದ್ದರು, ಅಂತರ 14,650. ಆಗಿನ ಮೈಸೂರು ರಾಜ್ಯದ 216 ಶಾಸಕರ ಒಟ್ಟು ಬೆಲೆ, ತಲಾ 109ರಂತೆ, 23,544 ಇತ್ತು. ಅಧ್ಯಕ್ಷರ ತವರು ರಾಜ್ಯದ ಒಂದು ವಿಧಾನಸಭೆಯ ತೂಕ ಗೆಲುವಿನ ಅಂತರಕ್ಕಿಂತ ದೊಡ್ಡದು. ಅದೇ ವರ್ಷ ಕಾಂಗ್ರೆಸ್ ಒಡೆಯಿತು.

ಈಚಿನ ಚುನಾವಣೆಗಳಲ್ಲಿ ಕರ್ನಾಟಕದ ಅಂಕಿ ಅತ್ತಿತ್ತ ವಾಲಿದ್ದಕ್ಕೆ ಜೆಡಿಎಸ್ ನಿಲುವೂ ಒಂದು ಕಾರಣ. 2017ರಲ್ಲಿ ಅದು ಕಾಂಗ್ರೆಸ್ ಜತೆಗಿದ್ದಾಗ ಮೀರಾ ಕುಮಾರ್‌ಗೆ 163, ರಾಮನಾಥ ಕೋವಿಂದ್‌ಗೆ 56. 2022ರಲ್ಲಿ ಅದು ದ್ರೌಪದಿ ಮುರ್ಮು ಕಡೆ ಬಂದಾಗ ಮುರ್ಮುಗೆ 150, ಯಶವಂತ ಸಿನ್ಹಾಗೆ 70.

109 ಇದ್ದದ್ದು ಬದಲಾಯಿತು, 131 ಮಾತ್ರ ನಾಲ್ಕು ದಶಕದಿಂದ ಅಲುಗಿಲ್ಲ. ಕುಟುಂಬ ಯೋಜನೆ ಚೆನ್ನಾಗಿ ಮಾಡಿದ ರಾಜ್ಯಗಳಿಗೆ ನಷ್ಟವಾಗಬಾರದೆಂದು 1976ರ 42ನೇ ತಿದ್ದುಪಡಿ 1971ರ ಜನಸಂಖ್ಯೆಯನ್ನೇ ಗಟ್ಟಿ ಮಾಡಿತು, 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಎಳೆಯಿತು. 2011ರ ಜನಗಣತಿ ಹಿಡಿದು ಇದೇ ಲೆಕ್ಕ ಹಾಕಿದರೆ ಕರ್ನಾಟಕ 273, ಇಂದು ಸಮನಾಗಿರುವ ಮಧ್ಯಪ್ರದೇಶ 316. ಈಗ 129 ಇರುವ ರಾಜಸ್ಥಾನ 343ಕ್ಕೆ ಜಿಗಿಯುತ್ತದೆ. 152 ಇರುವ ಕೇರಳಕ್ಕೆ 239 ಸಿಕ್ಕಿ ನಮಗಿಂತ ಕೆಳಗಿಳಿಯುತ್ತದೆ. ಎಲ್ಲರ ಅಂಕಿಯೂ ಏರುವಾಗ ನೋಡಬೇಕಾದ್ದು ಯಾರದು ಎಷ್ಟು ಪಟ್ಟು ಏರಿತು ಎಂಬುದನ್ನು. ಆ ಓಟದಲ್ಲಿ ದಕ್ಷಿಣ ಹಿಂದೆ.

ಮುರ್ಮು ಅವರ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತದೆ. ಹೊಸ ಜನಗಣತಿಗೆ ಗೊತ್ತುಮಾಡಿದ ಉಲ್ಲೇಖ ದಿನ 2027ರ ಮಾರ್ಚ್ 1. 55ನೇ ವಿಧಿ ಕೇಳುವುದು ಅಂಕಿಅಂಶ ‘ಪ್ರಕಟ’ವಾಗಿರಬೇಕೆಂದು. ನಡುವಿನ ಆ ನಾಲ್ಕೂವರೆ ತಿಂಗಳಲ್ಲಿ ಅವು ಹೊರಬೀಳದಿದ್ದರೆ, ವಿಧಾನಸೌಧದಲ್ಲಿ ಗುಲಾಬಿ ಚೀಟಿ ಹಿಡಿಯುವ ಶಾಸಕನ ಬೆಲೆ ಮತ್ತೊಮ್ಮೆ 131.