ಸುಟ್ಟ ಶವದ ರಕ್ತ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸುಟ್ಟ ಶವ ಸಿಕ್ಕಾಗ ಪೊಲೀಸರು ವೈದ್ಯರ ಮುಂದಿಡುವ ಮೊದಲ ಪ್ರಶ್ನೆ: ಬೆಂಕಿ ಹತ್ತಿದಾಗ ಜೀವ ಇತ್ತಾ? ಇತ್ತು ಅಂದರೆ ಅದು ಅಪಘಾತವೋ, ಆತ್ಮಹತ್ಯೆಯೋ, ಕೊಲೆಯೋ ಅನ್ನುವುದು ಮುಂದಿನ ವಿಚಾರ. ಇರಲಿಲ್ಲ ಅಂದರೆ ಕೊಂದು ಸುಟ್ಟಿದ್ದಾರೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಇಷ್ಟು ದೊಡ್ಡ ತೀರ್ಮಾನ ಎಷ್ಟೋ ಸಲ ಹೊಗೆಯ ಜತೆ ಒಳಹೋಗಿ ರಕ್ತ ಸೇರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ನ ಶೇಕಡಾ ಲೆಕ್ಕಕ್ಕೆ ಬಂದು ನಿಲ್ಲುತ್ತದೆ.

ಪ್ರಶ್ನೆ ಹಳೆಯದು. ಚೀನಾದಲ್ಲಿ ಮೂರನೇ ಶತಮಾನದ ಒಂದು ಕಥೆಯಿದೆ. ಗಂಡನನ್ನು ಕೊಂದು ಮನೆಗೆ ಬೆಂಕಿಯಿಟ್ಟ ಆರೋಪ ಹೆಂಡತಿಯ ಮೇಲೆ. ವಿಚಾರಣೆಗೆ ಬಂದ ಅಧಿಕಾರಿ ಎರಡು ಹಂದಿಗಳನ್ನು ಸುಡಿಸಿದ. ಒಂದು ಜೀವಂತ, ಇನ್ನೊಂದು ಮೊದಲೇ ಸತ್ತದ್ದು. ಜೀವಂತ ಸುಟ್ಟ ಹಂದಿಯ ಬಾಯಲ್ಲಿ ಬೂದಿ ಇತ್ತು, ಸತ್ತದ್ದರ ಬಾಯಲ್ಲಿ ಇರಲಿಲ್ಲ. ಗಂಡನ ಬಾಯಲ್ಲೂ ಇರಲಿಲ್ಲ. ಇವತ್ತು ವೈದ್ಯರು ಶ್ವಾಸನಾಳ ಸೀಳಿ ಮಸಿ ಹುಡುಕುವುದು ಇದೇ ತರ್ಕದಿಂದ.

ಅನಿಲದ ಕಥೆ ಶುರುವಾಗಿದ್ದು 1850ರ ದಶಕದಲ್ಲಿ. ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಸಿದುಕೊಳ್ಳುತ್ತದೆ ಎಂದು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ತೋರಿಸಿದರು. ಜರ್ಮನಿಯ ಫೆಲಿಕ್ಸ್ ಹೊಪ್ಪೆ-ಜೈಲರ್ ಸುಲಭದ ಪರೀಕ್ಷೆ ಕೊಟ್ಟರು. ಮಾಮೂಲಿ ರಕ್ತಕ್ಕೆ ಕಾಸ್ಟಿಕ್ ಸೋಡಾ ಹಾಕಿದರೆ ಕಂದು-ಹಸಿರಾಗುತ್ತದೆ, ಈ ಅನಿಲ ಸೇರಿದ ರಕ್ತ ಕೆಂಪಾಗಿಯೇ ಉಳಿಯುತ್ತದೆ. 1896ರಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿ ಸ್ಫೋಟಗೊಂಡಾಗ ಬ್ರಿಟನ್ನಿನ ಶರೀರವಿಜ್ಞಾನಿ ಜೆ.ಎಸ್. ಹಾಲ್ಡೇನ್ ಶವಗಳನ್ನು ಪರೀಕ್ಷಿಸಿದರು. ಹೆಚ್ಚಿನವರನ್ನು ಕೊಂದಿದ್ದು ಸ್ಫೋಟವಲ್ಲ, ಆಮೇಲೆ ತುಂಬಿಕೊಂಡ ಅನಿಲ ಎಂದು ಗೊತ್ತಾಯಿತು.

ಪರೀಕ್ಷೆಯ ಆಧಾರ ಸರಳ. ಈ ಅನಿಲ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡದೆ ಅದು ಹೃದಯದ ರಕ್ತಕ್ಕೆ ಅಷ್ಟಾಗಿ ಸೇರುವುದಿಲ್ಲ. ಸತ್ತ ಮೇಲೆ ಸುಲಭಕ್ಕೆ ಹೊರಗೂ ಹೋಗುವುದಿಲ್ಲ. ಸಿಗರೇಟು ಸೇದದವರಲ್ಲಿ ಅದು ಹಿಡಿದಿರುವ ಹಿಮೋಗ್ಲೋಬಿನ್ ಪಾಲು ಶೇ. 1–2, ತುಂಬಾ ಸೇದುವವರಲ್ಲಿ ಶೇ. 10ರ ಆಸುಪಾಸು. ಅದಕ್ಕಿಂತ ಮೇಲಿದ್ದರೆ ಹೊಗೆ ಕುಡಿದಿದ್ದಾರೆ, ಅಂದರೆ ಉಸಿರಿತ್ತು. ಶೇ. 50 ದಾಟಿದರೆ ಸಾವಿಗೆ ಅದೇ ಕಾರಣ ಅನ್ನಲು ಅಡ್ಡಿಯಿಲ್ಲ. ಹೃದಯದ ಕಾಯಿಲೆ ಇರುವವರು, ವಯಸ್ಸಾದವರು ಇನ್ನೂ ಕಡಿಮೆಯಲ್ಲೇ ಸಾಯಬಹುದು.

ಪಠ್ಯಪುಸ್ತಕಗಳು ಚೆರ್ರಿ ಹಣ್ಣಿನ ಬಣ್ಣದ ಶವವನ್ನು ವರ್ಣಿಸುತ್ತವೆ. ಅದು ಬಿಳಿ ಚರ್ಮ ನೋಡಿ ಬರೆದದ್ದು, ನಮ್ಮ ಮೈಬಣ್ಣದಲ್ಲಿ ಕಾಣುವುದು ಕಷ್ಟ. ಉಗುರು, ವಸಡು, ಒಳಗಿನ ಸ್ನಾಯು ನೋಡಬೇಕು. ಸಯನೈಡ್ ವಿಷದಲ್ಲೂ, ಶೀತಲಗೃಹದಲ್ಲಿಟ್ಟ ಶವದಲ್ಲೂ ಹೆಚ್ಚುಕಮ್ಮಿ ಇದೇ ಕೆಂಪು ಬರುತ್ತದೆ. ಹಾಗಾಗಿ ಕಣ್ಣಂದಾಜು ಸಾಲದು, ಲ್ಯಾಬ್ ಬೇಕು.

ನಮ್ಮಲ್ಲಿ ಈ ಪ್ರಶ್ನೆ ಬಿಸಿಯಾಗಿದ್ದು 1980–90ರ ದಶಕಗಳಲ್ಲಿ. ಪತ್ರಿಕೆಯ ಒಳಪುಟದಲ್ಲಿ 'ಸ್ಟವ್ ಸಿಡಿದು ಗೃಹಿಣಿ ಸಾವು' ಎಂಬ ನಾಲ್ಕು ಸಾಲಿನ ಸುದ್ದಿ ಮಾಮೂಲಾಗಿತ್ತು. ಅದೇನೋ, ಸ್ಟವ್ ಸಿಡಿಯುತ್ತಿದ್ದುದು ಹೊಸ ಸೊಸೆ ಪಕ್ಕದಲ್ಲಿದ್ದಾಗಲೇ ಜಾಸ್ತಿ. 1983ರಲ್ಲಿ ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ ಐಪಿಸಿ 498ಎ ಬಂತು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಬಂತು. ಬೆಂಗಳೂರಿನಲ್ಲಿ ವಿಮೋಚನಾ ಎಂಬ ಮಹಿಳಾ ಸಂಘಟನೆಯವರು ಇಂಥ ಸಾವುಗಳ ದಾಖಲೆ ಕಲೆಹಾಕುತ್ತಾ ಹೋದರು. ಆದರೂ ಬಹಳಷ್ಟು ಕಡತಗಳು ಯುಡಿಆರ್, ಅಂದರೆ ಅಸಹಜ ಸಾವು ಎಂಬ ಹಣೆಪಟ್ಟಿಯಲ್ಲೇ ಶುರುವಾಗಿ ಅಲ್ಲೇ ಮುಗಿದವು.

ರಕ್ತಪರೀಕ್ಷೆ ಇಲ್ಲಿ ನೆರವಾಗಬೇಕಿತ್ತು ಅಲ್ವಾ? ತೊಡಕು ಇಲ್ಲೇ ಇದೆ. ಮುಚ್ಚಿದ ಕೋಣೆಯಲ್ಲಿ ಹಾಸಿಗೆ, ಬಟ್ಟೆ ನಿಧಾನಕ್ಕೆ ಹೊಗೆಯಾಡಿದರೆ ಅನಿಲ ದಂಡಿಯಾಗಿ ಹುಟ್ಟುತ್ತದೆ. ಮೈಮೇಲೆ ಸೀಮೆಎಣ್ಣೆ ಬಿದ್ದು ಭಗ್ಗನೆ ಹೊತ್ತಿಕೊಂಡರೆ, ಅದೂ ಹಿತ್ತಲಲ್ಲೋ ತೆರೆದ ಅಡುಗೆಮನೆಯಲ್ಲೋ ಆದರೆ, ಅನಿಲ ರಕ್ತಕ್ಕೆ ಸೇರುವ ಮೊದಲೇ ಜೀವ ಹೋಗಬಹುದು. ಅಂದರೆ ಹೆಚ್ಚಿನ ಅಂಕಿ ಬಂದರೆ ಉಸಿರಿತ್ತು ಎಂದು ಹೇಳಬಹುದು. ಕಡಿಮೆ ಬಂದರೆ ಮೊದಲೇ ಸತ್ತಿದ್ದರು ಎಂದು ಹೇಳಲಾಗದು. ಎರಡೂ ಕಡೆಯ ವಕೀಲರು ತಮಗೆ ಬೇಕಾದಷ್ಟನ್ನೇ ಓದುತ್ತಾರೆ.

ಇನ್ನೊಂದು ತೊಡಕು ಆಸ್ಪತ್ರೆಯದ್ದು. ಸುಟ್ಟವರಲ್ಲಿ ಅನೇಕರು ಅಲ್ಲೇ ಸಾಯುವುದಿಲ್ಲ. ದಿನಗಟ್ಟಲೆ ವಾರ್ಡಿನಲ್ಲಿ ನರಳಿ, ಸೋಂಕು ತಗುಲಿ ಸಾಯುತ್ತಾರೆ. ಬರೀ ಗಾಳಿ ಉಸಿರಾಡಿದರೂ ಈ ಅನಿಲ 4ರಿಂದ 6 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಶುದ್ಧ ಆಮ್ಲಜನಕ ಕೊಟ್ಟರೆ ಒಂದು-ಒಂದೂವರೆ ಗಂಟೆ ಸಾಕು. ದಾಖಲು ಮಾಡಿಕೊಂಡಾಗ ತೆಗೆದ ರಕ್ತ ಉಳಿಸದಿದ್ದರೆ ಆಮೇಲಿನ ಪರೀಕ್ಷೆ ಸುಮ್ನೆ.

ಮೂರನೆಯದು ಬಾಟಲಿ. ಹೊಟ್ಟೆ, ಕರುಳು, ಯಕೃತ್ತಿನ ತುಂಡುಗಳನ್ನು ಉಪ್ಪಿನ ಗಟ್ಟಿ ದ್ರಾವಣದಲ್ಲಿ ಹಾಕಿ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್‌ಗೆ ಕಳಿಸುವುದು ಹಳೆಯ ರೂಢಿ. ಈ ಅನಿಲಕ್ಕೆ ಬೇಕಾಗಿರುವುದು ರಕ್ತ. ಬಾಟಲಿಯ ಕಂಠದವರೆಗೂ ತುಂಬಿಸಬೇಕು, ಕೆಡದಂತೆ ಸೋಡಿಯಂ ಫ್ಲೋರೈಡ್ ಸೇರಿಸಬೇಕು. ಗಾಳಿ ತಾಗದಂತೆ ಮೇಲೆ ಲಿಕ್ವಿಡ್ ಪ್ಯಾರಾಫಿನ್ ಪದರ ಬಿಡಬೇಕು. ಜತೆಗಿನ ಪತ್ರದಲ್ಲಿ ಬರೀ 'ವಿಷ ಇದೆಯೇ' ಎಂದಿದ್ದರೆ ಲ್ಯಾಬಿನವರು ಕೀಟನಾಶಕ, ಮದ್ಯ, ನಿದ್ದೆಮಾತ್ರೆ ಹುಡುಕುತ್ತಾರೆ. ಕೊನೆಗೆ 'ವಿಷ ಪತ್ತೆಯಾಗಿಲ್ಲ' ಎಂಬ ವರದಿ ಬರುತ್ತದೆ. ಕಾರ್ಬನ್ ಮಾನಾಕ್ಸೈಡ್ ಹುಡುಕಿಯೇ ಇರುವುದಿಲ್ಲ.

ಹುಡುಕಿದರೂ ಯಾವ ಯಂತ್ರದಲ್ಲಿ ಎಂಬುದು ಮುಖ್ಯ. ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಒಳ್ಳೆಯ ರಕ್ತಕ್ಕೆ ಸರಿ. ಆಸ್ಪತ್ರೆಗಳ ಕೋ-ಆಕ್ಸಿಮೀಟರ್ ಬದುಕಿರುವ ರೋಗಿಯ ತಾಜಾ ರಕ್ತಕ್ಕಾಗಿ ಮಾಡಿದ್ದು. ಬೆಂಕಿಗೆ ಬೆಂದು ಗಟ್ಟಿಯಾದ, ಕೊಳೆತ ರಕ್ತದಲ್ಲಿ ಎರಡೂ ದಾರಿ ತಪ್ಪಿಸಬಹುದು. ಅಲ್ಲಿ ಅನಿಲವನ್ನೇ ಬಿಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಬೇಕು.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ. ಎರಡೂ ಕಡೆ ಜನರನ್ನು ಸಿಕ್ಕಿಸಿದ್ದು ಬೆಂಕಿಗಿಂತ ಹೊಗೆ. ಇಂಥ ಮುಚ್ಚಿದ ಜಾಗದಲ್ಲಿ ಈ ಪರೀಕ್ಷೆ ಸ್ಪಷ್ಟ ಉತ್ತರ ಕೊಡುತ್ತದೆ. ಆದರೆ ಅಲ್ಲಿ ಜನ ಬದುಕಿದ್ದರೇ ಎಂದು ಯಾರೂ ಕೇಳುವುದಿಲ್ಲ. ಅನುಮಾನ ಇರುವ ಅಡುಗೆಮನೆಯಲ್ಲೇ ಅದರ ಉತ್ತರ ಮಸುಕು. ಅಲ್ಲಿ ಮಸಿ, ಜೀವ ಇದ್ದಾಗ ಸುಟ್ಟರೆ ಗುಳ್ಳೆಯ ಸುತ್ತ ಬರುವ ಕೆಂಪು ಗೆರೆ, ಕತ್ತಿನ ಗಾಯ, ಸ್ಥಳದ ಗುರುತು ಎಲ್ಲ ಸೇರಿಸಿಯೇ ಅಂಕಿಯನ್ನು ಓದಬೇಕು.

2024ರ ಜುಲೈ 1ರಿಂದ ಜಾರಿಯಾದ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾಯ್ದೆ ಬಿಎನ್‌ಎಸ್‌ಎಸ್‌ನ 176(3) ಪ್ರಕಾರ, 7 ವರ್ಷ ಅಥವಾ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ 5 ವರ್ಷದ ಗಡುವಿದೆ. ಸುಟ್ಟ ಸಾವಿನ ಕಡತ ಮಾತ್ರ ಈಗಲೂ ಸಾಮಾನ್ಯವಾಗಿ ಅದೇ ಕಾಯ್ದೆಯ 194ರಡಿ ಯುಡಿಆರ್ ಆಗಿಯೇ ತೆರೆದುಕೊಳ್ಳುತ್ತದೆ. ಅದು ಅಪರಾಧ ಪ್ರಕರಣವಾಗುವವರೆಗೆ ತಜ್ಞರು ಬರಲೇಬೇಕೆಂಬ ನಿಯಮ ಅದಕ್ಕೆ ತಾಗುವುದಿಲ್ಲ. ಅಷ್ಟರಲ್ಲಿ ಶವಪರೀಕ್ಷೆ ಮುಗಿದಿರುತ್ತದೆ, ರಕ್ತ ತೆಗೆದಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.