ಡ್ರೇಕ್‌ನಲ್ಲಿ ಮೊದಲ ದಿನ: ವಾಂತಿಗಿಂತ ಬಾಗಿಲಿಗೆ ಹೆದರಿ

ನಾನು ಅಂಟಾರ್ಕ್ಟಿಕಾಕ್ಕೆ ಹೋಗುವ ಹಡಗಿನಲ್ಲಿ ಡಾಕ್ಟರ್. ಹತ್ತಿದವರೆಲ್ಲ ಮೊದಲು ಕೇಳುವುದು ಒಂದೇ ಮಾತು: 'ಡಾಕ್ಟ್ರೇ, ತುಂಬಾ ವಾಂತಿ ಆಗುತ್ತಾ?' ಆಗಬಹುದು. ಆದರೆ ಆ ದಿನ ನನ್ನ ತಲೆ ತಿನ್ನುವುದು ವಾಂತಿ ಅಲ್ಲ, ಬಾಗಿಲು.

ಅರ್ಜೆಂಟೀನಾದ ಉಶುವಾಯಾದಿಂದ ಸಂಜೆ ಹೊರಟ ಹಡಗು ಮೊದಲು ಬೀಗಲ್ ಕಾಲುವೆಯಲ್ಲಿ ಸಾಗುತ್ತದೆ. ಎರಡೂ ಕಡೆ ಬೆಟ್ಟ, ನೀರು ಶಾಂತ. ಇಷ್ಟೇನಾ ಅಂದುಕೊಂಡು ಎಲ್ಲರೂ ಹೊಟ್ಟೆ ಬಿರಿಯ ಊಟ ಮಾಡಿ ಮಲಗುತ್ತಾರೆ. ಕಾಲುವೆ ಮುಗಿದ ಮೇಲೆ ಡ್ರೇಕ್ ಜಲಸಂಧಿ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್‌ನಿಂದ ಅಂಟಾರ್ಕ್ಟಿಕಾ ಬಳಿಯ ದಕ್ಷಿಣ ಶೆಟ್ಲೆಂಡ್ ದ್ವೀಪಗಳವರೆಗೆ ಸುಮಾರು 800 ಕಿ.ಮೀ. ಈ ಅಕ್ಷಾಂಶದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿದರೂ ಗಾಳಿಗೆ ಅಡ್ಡ ನಿಲ್ಲುವ ನೆಲ ಇಲ್ಲ, ಹಾಗಾಗಿ ಪಶ್ಚಿಮದಿಂದ ಬರುವ ಅಲೆ ದೊಡ್ಡದಾಗುತ್ತಲೇ ಬರುತ್ತದೆ. ದಾಟಲು ಒಂದೂವರೆಯಿಂದ ಎರಡು ದಿನ ಬೇಕು. ಅದೃಷ್ಟ ಇದ್ದರೆ ನೀರು ಕೆರೆಯಂತೆ ಇರುತ್ತದೆ. ಇಲ್ಲದಿದ್ದರೆ ಬೆಳಿಗ್ಗೆ ಏಳುವಾಗಲೇ ನಿಮ್ಮ ಚಪ್ಪಲಿ ಕ್ಯಾಬಿನ್‌ನ ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತಿರುತ್ತದೆ.

ವಾಂತಿ ವಿಷಯ ಬೇಗ ಮುಗಿಸುತ್ತೇನೆ. ಒಳಕಿವಿ 'ಅಲುಗಾಡ್ತಿದೀವಿ' ಅನ್ನುತ್ತದೆ, ಕ್ಯಾಬಿನ್‌ನ ಗೋಡೆ ನೋಡುತ್ತಿರುವ ಕಣ್ಣು 'ಇಲ್ಲ, ನಿಂತೇ ಇದೀವಿ' ಅನ್ನುತ್ತದೆ. ಈ ಜಗಳದಲ್ಲಿ ಪೆಟ್ಟು ತಿನ್ನುವುದು ಹೊಟ್ಟೆ. ಅದಕ್ಕೇ ದಿಗಂತ ಕಾಣುವ ಕಡೆ ಕೂರಿ ಅನ್ನುವುದು. ಅದಾಗದಿದ್ದರೆ ಕಣ್ಣು ಮುಚ್ಚಿ ಮಲಗಿಬಿಡಿ, ಮೊಬೈಲ್ ಮಾತ್ರ ನೋಡಬೇಡಿ. ಮಾತ್ರೆಯನ್ನು ಹೊಟ್ಟೆ ತೊಳಸುವ ಮೊದಲೇ, ಅಂದರೆ ಕಾಲುವೆಯಲ್ಲಿ ಇರುವಾಗಲೇ ತಗೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ, ಆಮೇಲೆ ಇಂಜೆಕ್ಷನ್ನೇ ಗತಿ. ಖಾಲಿ ಹೊಟ್ಟೆಯಲ್ಲೂ ಇರಬೇಡಿ, ಒಣ ಬಿಸ್ಕತ್ತು ಕಚ್ಚುತ್ತಾ ಸ್ವಲ್ಪ ಸ್ವಲ್ಪ ನೀರು ಕುಡಿಯಿರಿ.

ವಾಂತಿ ತಡೆಯಲು ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಪ್ಯಾಚ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಒಂದು ಪ್ಯಾಚ್ ಮೂರು ದಿನ ಕೆಲಸ ಮಾಡುತ್ತದೆ, ಆದರೆ ಶುರುವಾಗಲು ಗಂಟೆಗಟ್ಟಲೆ ಬೇಕು. ಕೆಲವು ಬಗೆಯ ಗ್ಲೊಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರು ಹಾಕಬಾರದು. ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರಕ್ಕೆ ತೊಂದರೆ ಇರುವವರು, ವಯಸ್ಸಾದವರು ಕೇಳದೆ ಹಾಕಬಾರದು. ಬಾಯಿ ಒಣಗುತ್ತದೆ, ವಯಸ್ಸಾದವರಿಗೆ ಒಮ್ಮೊಮ್ಮೆ ಮಾತೇ ತಡವರಿಸುತ್ತದೆ. ಇನ್ನೊಂದು ತಮಾಷೆ ಇದೆ. ಪ್ಯಾಚ್ ಮುಟ್ಟಿದ ಬೆರಳಲ್ಲೇ ಕಣ್ಣು ಉಜ್ಜಿಕೊಂಡರೆ ಆ ಕಣ್ಣಿನ ಪಾಪೆ ಮಾತ್ರ ಹಿಗ್ಗಿ ನಿಲ್ಲುತ್ತದೆ, ಟಾರ್ಚ್ ಬಿಟ್ಟರೂ ಕುಗ್ಗಲ್ಲ. ಈಗ ಇದೇ ಮನುಷ್ಯ ಮೆಟ್ಟಿಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡು ನನ್ನ ಹತ್ತಿರ ಬಂದ ಅಂತಿಟ್ಟುಕೊಳ್ಳಿ. ಒಂದು ಪಾಪೆ ದೊಡ್ಡದು, ಒಂದು ಚಿಕ್ಕದು. ಯಾವ ಡಾಕ್ಟರಿಗಾದರೂ ಮೊದಲು ಹೊಳೆಯುವುದು ಮೆದುಳಿನ ರಕ್ತಸ್ರಾವ! ಸ್ಕ್ಯಾನ್ ಮಾಡೋಣ ಅಂದರೆ ಹಡಗಿನಲ್ಲಿ ಸಿಟಿ ಯಂತ್ರ ಇಲ್ಲ. ಪ್ಯಾಚ್ ಅಂಟಿಸಿದ ಮೇಲೆ, ಕಿತ್ತ ಮೇಲೆ ಸೋಪು ಹಾಕಿ ಕೈ ತೊಳೆಯಿರಿ ಅಂತ ನಾನು ಗೋಗರೆಯುವುದು ಇದಕ್ಕೇ.

ಈಗ ಬಾಗಿಲು. ಡೆಕ್‌ಗೆ ಹೋಗುವ ಬಾಗಿಲುಗಳು ಉಕ್ಕಿನವು, ಭಾರ ಜಾಸ್ತಿ, ಹೊಸ್ತಿಲೂ ಎತ್ತರ. ಆಗುವುದು ಹೀಗೆ. ನೀವು ಬಾಗಿಲು ತೆಗೆದು ಹೊಸ್ತಿಲ ಮೇಲೆ ಒಂದು ಕಾಲಿಡುತ್ತೀರಿ. ಅಷ್ಟರಲ್ಲಿ ಹಡಗು ವಾಲುತ್ತದೆ. ಬೀಳುತ್ತೀನಿ ಅಂತ ಕೈ ತಾನಾಗಿಯೇ ಹತ್ತಿರದ ಅಂಚನ್ನು ಹಿಡಿಯುತ್ತದೆ, ಅಂದರೆ ಚೌಕಟ್ಟನ್ನು. ಹಡಗು ವಾಪಸ್ ವಾಲಿದಾಗ ಬಾಗಿಲು ತನ್ನ ಪೂರ್ತಿ ಭಾರ ಹಾಕಿ ಮುಚ್ಚಿಕೊಳ್ಳುತ್ತದೆ. ಬೆರಳು ನಡುವೆ. ಉಗುರು ಹೋದರೆ ಪುಣ್ಯ, ಮೂಳೆ ಪುಡಿಯಾಗಿ ಬೆರಳಿನ ತುದಿಯೇ ಹೋಗಬಹುದು. ಕೀಲಿನ ಕಡೆಯ ಸಂದು ಇನ್ನೂ ಅಪಾಯ, ಯಾಕಂದರೆ ಅಲ್ಲಿ ಬೆರಳು ಇಟ್ಟಿದ್ದು ಇಟ್ಟವರಿಗೇ ಗೊತ್ತಿರಲ್ಲ. ಬಾಗಿಲನ್ನು ಹಿಡಿಕೆಯಲ್ಲೇ ಹಿಡಿಯಿರಿ, ದಾಟುವ ತನಕ ಬಿಡಬೇಡಿ, ಹಿಂದೆ ಬರುವವರಿಗೆ ಮರ್ಯಾದೆಗೆ ಬಾಗಿಲು ಹಿಡಿದು ನಿಲ್ಲಬೇಡಿ. ಕ್ಯಾಬಿನ್‌ನ ಬಚ್ಚಲು ಬಾಗಿಲಿಗೂ ಇದೇ ಮಾತು.

ಉಳಿದ ಗಾಯಗಳಿಗೂ ಕಾರಣ ಹೆಚ್ಚುಕಡಿಮೆ ಒಂದೇ, ಎರಡೂ ಕೈ ತುಂಬಿರುವುದು. ಒಂದರಲ್ಲಿ ಕಾಫಿ, ಇನ್ನೊಂದರಲ್ಲಿ ಕ್ಯಾಮೆರಾ. ಒಂದು ಕೈಯನ್ನು ಯಾವಾಗಲೂ ಹಡಗು ಹಿಡಿದುಕೊಳ್ಳಲು ಬಿಟ್ಟಿರಬೇಕು ಅಂತ ನಾವಿಕರು ಹೇಳುವುದು ಸುಮ್ನೆ ಅಲ್ಲ. ಆಲ್ಬಟ್ರಾಸ್ ಕಂಡಿತು ಅಂತ ಯಾರೋ ಕೂಗಿದ ತಕ್ಷಣ ಎದ್ದು ಓಡುವವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ. ಅವಸರ ಯಾಕೆ ಹೇಳಿ, ಆ ದೊಡ್ಡ ಕಡಲಹಕ್ಕಿ ಗಂಟೆಗಟ್ಟಲೆ ಹಡಗಿನ ಹಿಂದೆಯೇ ತೇಲುತ್ತಾ ಬರುತ್ತದೆ.

ಇಷ್ಟು ಹೆದರಿಸುವುದು ಯಾಕೆ ಅಂದರೆ, ಇಲ್ಲಿಂದ ಆಸ್ಪತ್ರೆ ದೂರ. ಮೊದಲ ದಿನವೇ ಆದರೆ ಹಡಗು ತಿರುಗಿಸಿ ಉಶುವಾಯಾಗೆ ಹೋಗಬಹುದು, ಅಲ್ಲಿಗೆ ಎಲ್ಲರ ಪ್ರವಾಸಕ್ಕೂ ಕಲ್ಲು. ಆಚೆ ದಡ ಸೇರಿದ ಮೇಲಾದರೆ ಕಿಂಗ್ ಜಾರ್ಜ್ ದ್ವೀಪದ ಜಲ್ಲಿ ರನ್‌ವೇ ತನಕ ಹೋಗಿ, ಚಿಲಿಯ ಪುಂಟಾ ಅರೆನಾಸ್‌ನಿಂದ ವಿಮಾನ ಬರುವುದನ್ನು ಕಾಯಬೇಕು. ಮಂಜು ಕವಿದಿದ್ದರೆ ವಿಮಾನ ಬರಲ್ಲ.

ಡ್ರೇಕ್‌ನ ಆ ಮೊದಲ ದಿನವೇ ಬಟ್ಟೆಬರೆ ತಪಾಸಣೆಯೂ ಇರುತ್ತದೆ. ಬೂಟು, ಪ್ಯಾಂಟು, ಬ್ಯಾಗಿನ ವೆಲ್ಕ್ರೋ ಎಲ್ಲ ವ್ಯಾಕ್ಯೂಮ್ ಮಾಡಿ ಬೀಜ, ಮಣ್ಣು ತೆಗೆಸುತ್ತಾರೆ. ಅತಿಯಾಯ್ತು ಅಂತ ಗೊಣಗುವವರಿದ್ದಾರೆ. ಆದರೆ ಹೊರಗಿನ ಒಂದು ಹುಲ್ಲು ಕಿಂಗ್ ಜಾರ್ಜ್ ದ್ವೀಪದಲ್ಲಿ ಆಗಲೇ ಬೇರು ಬಿಟ್ಟಿದೆ. ಮೇಲಾಗಿ, ಹಕ್ಕಿಜ್ವರ 2024ರಲ್ಲಿ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪವನ್ನೂ ಮುಟ್ಟಿತು. ಹಾಗಾಗಿ ಈಗ ದಡದಲ್ಲಿ ಕೂರುವಂತಿಲ್ಲ, ಮಂಡಿಯೂರುವಂತಿಲ್ಲ, ಬ್ಯಾಗ್ ಕೆಳಗಿಡುವಂತಿಲ್ಲ. ಪೆಂಗ್ವಿನ್‌ನಿಂದ ಐದು ಮೀಟರ್ ದೂರ ಅನ್ನುವ ಹಳೇ ನಿಯಮ ಹೇಗೂ ಇದ್ದೇ ಇದೆ. ಮಂಡಿನೋವು ಇದ್ದು ಜಾಸ್ತಿ ಹೊತ್ತು ನಿಲ್ಲಲು ಆಗದವರು ಗೈಡ್‌ಗಳಿಗೆ ಅವತ್ತೇ ಹೇಳಿಬಿಡಿ.

ನನಗೂ ಒಂದು ವಿಷಯ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಬಿದ್ದು ತಲೆ ತಾಗಿದರೆ, 'ಏನೂ ಆಗಿಲ್ಲ, ಸ್ವಲ್ಪ ಊದಿದೆ ಅಷ್ಟೇ' ಅಂತ ಮಲಗಬೇಡಿ. ಕ್ಯಾಬಿನ್‌ನಿಂದ ಫೋನ್ ಮಾಡಿ ಸಾಕು. ಆ ಅಲುಗಾಟದಲ್ಲಿ ಮೆಟ್ಟಿಲಿಳಿದು ಬರುವುದು ಬೇಡ, ನಾನೇ ಬರುತ್ತೇನೆ.